ಹಡಗು ಕಟ್ಟಿ ನಿಂತಿದ್ದರೂ ಚಿಮಣಿಯಲ್ಲಿ ಹೊಗೆ ಯಾಕೆ?

ನಾಲ್ಕನೇ_ಮಹಡಿ
ನಮ್ಮ ಮನೆ ಬಂದರಿನ ಎದುರಿಗೇ ಇದೆ, ನಾಲ್ಕನೇ ಮಹಡಿ. ನೋಟ ಚೆನ್ನಾಗಿದೆ ಎಂದು ಎರಡು ವರ್ಷದ ಹಿಂದೆ ಬಂದೆವು. ಈಗ ಬಾಲ್ಕನಿ ಬಾಗಿಲು ತೆಗೆಯುವುದೇ ಅಪರೂಪ. ಬೆಳಿಗ್ಗೆ ಕಿಟಕಿ ಕಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಂಜೆಗೆ ಮತ್ತೆ ಕಪ್ಪು. ರಸ್ತೆ ಧೂಳಾಗಿದ್ದರೆ ಕೊಡವಿದರೆ ಹೋಗುತ್ತದೆ, ಇದು ಹೋಗುವುದಿಲ್ಲ. ಬೆರಳಿಗೆ ಜಿಡ್ಡು ಜಿಡ್ಡಾಗಿ ಅಂಟಿಕೊಳ್ಳುತ್ತದೆ, ಸೋಪು ಬೇಕು.

ನನ್ನ ಪ್ರಶ್ನೆ ಸರಳ. ಮೂರು ದಿನದಿಂದ ಒಂದು ಕಂಟೇನರ್ ಹಡಗು ಧಕ್ಕೆಗೆ ಕಟ್ಟಿ ನಿಂತಿದೆ. ಎಲ್ಲಿಗೂ ಹೋಗುತ್ತಿಲ್ಲ. ಆದರೂ ಹಗಲು ರಾತ್ರಿ ಚಿಮಣಿಯಿಂದ ತೆಳ್ಳಗೆ ಹೊಗೆ ಬರುತ್ತಲೇ ಇದೆ. ನಿಂತ ಮೇಲೆ ಇಂಜಿನ್ ಆಫ್ ಮಾಡಬಾರದಾ? ಬೇರೆ ಕಡೆ ಏನು ಮಾಡುತ್ತಾರೆ? ತಿಳಿದವರು ಹೇಳಿ.

ಬಿಸಿ_ಇಂಜಿನ್
ಸರ್, ಹಡಗಿನ ಇಂಜಿನ್ ರೂಮಿನಲ್ಲಿ ಹತ್ತೊಂಬತ್ತು ವರ್ಷ ಕಳೆದವನು ನಾನು. ದೊಡ್ಡ ಇಂಜಿನ್, ಅಂದರೆ ಪ್ರೊಪೆಲ್ಲರ್ ತಿರುಗಿಸುವುದು, ಕಟ್ಟಿದ ಮೇಲೆ ಆಫ್ ಆಗಿರುತ್ತದೆ. ನೀವು ನೋಡುತ್ತಿರುವುದು ಜನರೇಟರ್ ಹೊಗೆ. ಹಡಗು ಎಂದರೆ ಒಂದು ಸಣ್ಣ ಊರು. ದೀಪ, ಪಂಪು, ಅಡುಗೆಮನೆ, ಎಸಿ, ಸಾಲದ್ದಕ್ಕೆ ನೂರಾರು ರೀಫರ್, ಅಂದರೆ ಫ್ರಿಜ್ ಇರುವ ಕಂಟೇನರ್. ಇವಕ್ಕೆಲ್ಲ ಕರೆಂಟ್ ಬೇಕೇ ಬೇಕು. ದಡದಿಂದ ಯಾರೂ ಕೊಡದಿದ್ದರೆ ನಾವೇ ಎಣ್ಣೆ ಸುಟ್ಟು ಮಾಡಿಕೊಳ್ಳಬೇಕು.

ಇನ್ನೊಂದು ಗುಟ್ಟು. ಒಂದೇ ಜನರೇಟರ್ ಸಾಕಾಗುವ ಲೋಡ್ ಇದ್ದರೂ ಎಷ್ಟೋ ಸಲ ಎರಡು ಓಡಿಸುತ್ತೇವೆ. ಒಂದು ಕೈಕೊಟ್ಟರೆ ಇಡೀ ಹಡಗು ಕತ್ತಲಾಗಬಾರದು ಎಂಬ ಭಯ. ಎರಡೂ ಅರ್ಧ ಹೊಟ್ಟೆಯಲ್ಲಿ ಓಡುತ್ತವೆ. ಹಾಗೆ ಓಡುವಾಗ ಎಣ್ಣೆ ಸರಿಯಾಗಿ ಸುಡುವುದಿಲ್ಲ, ಮಸಿ ಜಾಸ್ತಿ.

ಇದಕ್ಕೆ ಮದ್ದು ಶೋರ್ ಪವರ್. ದಡದಿಂದ ಕೇಬಲ್ ಎಳೆದು ಹಡಗಿಗೆ ಕರೆಂಟ್ ಕೊಡುವುದು. ಹೊಸದೇನಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಸರಕು ಹಡಗಿಗೆ 2000ರಲ್ಲೇ ಹೈ ವೋಲ್ಟೇಜ್ ಸಂಪರ್ಕ ಕೊಟ್ಟರು. ಅಲಾಸ್ಕಾದ ಜೂನೋದಲ್ಲಿ ಪ್ರವಾಸಿ ಹಡಗುಗಳಿಗೆ 2001ರಲ್ಲಿ. ಲಾಸ್ ಏಂಜಲೀಸ್‌ನಲ್ಲಿ ಕಂಟೇನರ್ ಹಡಗಿಗೆ 2004ರಲ್ಲಿ.

ನಾಲ್ಕನೇ_ಮಹಡಿ
ಧನ್ಯವಾದ. ಅಂದಹಾಗೆ ಸರ್ ಅಲ್ಲ, ಮೇಡಂ 🙂

ಸುಮ್ನೆ_ಓದೋನು
ಅಷ್ಟೇನಾ? ಪ್ಲಗ್ ಹಾಕಿದರೆ ಮುಗೀತಲ್ವಾ, ಫೋನ್ ಚಾರ್ಜಿಗೆ ಹಾಕಿದ ಹಾಗೆ. ಇಪ್ಪತ್ತು ವರ್ಷದಿಂದ ಏನು ಕಾಯ್ತಿದ್ದಾರೆ?

ಬಿಸಿ_ಇಂಜಿನ್
ಕ್ಷಮಿಸಿ ಮೇಡಂ.

ಫೋನಿನ ಹಾಗೆ ಇದ್ದಿದ್ದರೆ ನಾನೇ ಹಾಕಿಬಿಡುತ್ತಿದ್ದೆ ಗುರು. ದೊಡ್ಡ ಹಡಗಿಗೆ ಬರುವುದು 6,600 ಅಥವಾ 11,000 ವೋಲ್ಟ್. ಹೆಚ್ಚಿನ ಹಡಗುಗಳ ಕರೆಂಟ್ 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಆವರ್ತನ. ಪ್ರಪಂಚದ ಬಹುಪಾಲು ಕಡೆ ದಡದ ಕರೆಂಟ್ 50 ಹರ್ಟ್ಜ್. ಮಧ್ಯೆ ಒಂದು ಕಟ್ಟಡದಷ್ಟು ದೊಡ್ಡ ಕನ್ವರ್ಟರ್ ಬೇಕು. ಪ್ಲಗ್ ಎಲ್ಲ ಕಡೆ ಒಂದೇ ಥರ ಇರಬೇಕು ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದದ್ದೇ 2012ರಲ್ಲಿ. ಅದಕ್ಕೂ ಮುಂಚೆ ಒಂದೊಂದು ಬಂದರಿಗೆ ಒಂದೊಂದು ಪ್ಲಗ್.

ಆಮೇಲೆ ಹಗ್ಗಜಗ್ಗಾಟ. ಬಂದರಿನವರು ಹೇಳುತ್ತಾರೆ, ಹಡಗಿನಲ್ಲಿ ಸಾಕೆಟ್ಟೇ ಇಲ್ಲ, ನಾವು ಯಾಕೆ ಹಾಕಬೇಕು ಎಂದು. ಹಡಗಿನವರು ಹೇಳುತ್ತಾರೆ, ಬಂದರಿನಲ್ಲಿ ಪ್ಲಗ್ಗೇ ಇಲ್ಲ, ನಾವು ಯಾಕೆ ಹಾಕಬೇಕು ಎಂದು. ಕಾನೂನು ಬರುವ ತನಕ ಇಬ್ಬರೂ ಆರಾಮ.

ಉಪ್ಪುನೀರು
ಈ ಗಾಬರಿ ಸ್ವಲ್ಪ ಜಾಸ್ತಿ ಆಯ್ತು. ಹಡಗು ಹೊಗೆಯ ಸಮಸ್ಯೆ 2020ರಲ್ಲೇ ಬಗೆಹರಿದಿದೆ. ಐಎಂಒ ಎಂಬ ವಿಶ್ವಸಂಸ್ಥೆಯ ಹಡಗು ಸಂಸ್ಥೆ ಇಂಧನದ ಗಂಧಕವನ್ನು ಶೇ. 3.5ರಿಂದ ಶೇ. 0.5ಕ್ಕೆ ಇಳಿಸಿತು. ಪ್ರಪಂಚದಾದ್ಯಂತ, 2020ರ ಜನವರಿ 1ರಿಂದ. ಒಂದೇ ಏಟಿಗೆ ಏಳರಲ್ಲಿ ಒಂದು ಭಾಗಕ್ಕೆ ಇಳಿಯಿತು. ಇನ್ನೇನು ಬೇಕು? ಪ್ರಪಂಚದ ವ್ಯಾಪಾರದಲ್ಲಿ ತೂಕದ ಲೆಕ್ಕಕ್ಕೆ ಶೇ. 80ರಷ್ಟು ಸಮುದ್ರದ ಮೇಲೇ ಹೋಗುತ್ತದೆ. ಒಂದು ಟನ್ ಸರಕನ್ನು ಅಷ್ಟೇ ದೂರ ಸಾಗಿಸಲು ಲಾರಿ, ವಿಮಾನಕ್ಕಿಂತ ಹಡಗಿಗೆ ಕಡಿಮೆ ಎಣ್ಣೆ ಸಾಕು.

ಲೆಕ್ಕದ_ಮೇಷ್ಟ್ರು
ಬಗೆಹರಿದಿದೆ ಅಂತೀರಾ, ಬನ್ನಿ ಲೆಕ್ಕ ಹಾಕೋಣ. ಯುರೋಪಿನಲ್ಲಿ ಲಾರಿ ಡೀಸೆಲ್‌ನ ಗಂಧಕದ ಮಿತಿ 10 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಹತ್ತು. ಶೇ. 0.5 ಎಂದರೆ 5,000 ಪಿಪಿಎಂ. ಅಂದರೆ ನಿಮ್ಮ "ಶುದ್ಧ" ಹಡಗಿನ ಎಣ್ಣೆಯಲ್ಲಿ ಲಾರಿ ಎಣ್ಣೆಯ 500 ಪಟ್ಟು ಗಂಧಕ ಇರಬಹುದು, ಅದೂ ಕಾನೂನಿನ ಒಳಗೇ.

ಈಗ ಮೇಡಂ ಎದುರಿನ ಹಡಗು. ಜನರೇಟರ್ ಲೋಡ್ 2 ಮೆಗಾವ್ಯಾಟ್ ಎಂದು ಇಟ್ಟುಕೊಳ್ಳಿ, ರೀಫರ್ ತುಂಬಿದ ಹಡಗಿಗೆ ಇದು ಜಾಸ್ತಿಯೇನಲ್ಲ. ದಿನಕ್ಕೆ 48,000 ಯೂನಿಟ್. ಯೂನಿಟ್‌ಗೆ ಸುಮಾರು 210 ಗ್ರಾಂ ಎಣ್ಣೆ. ದಿನಕ್ಕೆ 10 ಟನ್ ಚಿಲ್ಲರೆ. ಅದರಲ್ಲಿ ಶೇ. 0.5 ಗಂಧಕ ಎಂದರೆ ದಿನಕ್ಕೆ 50 ಕೆಜಿ, ಬಾಲ್ಕನಿ ಎದುರಿಗೆ.

ಪ್ರಯೋಗಶಾಲೆ
ಮೇಷ್ಟ್ರೇ, ತಪ್ಪು. 50 ಕೆಜಿ ಬರೀ ಗಂಧಕ. ಸುಟ್ಟಾಗ ಆಮ್ಲಜನಕ ಸೇರಿ ಗಂಧಕದ ಡೈಆಕ್ಸೈಡ್ ಆಗುತ್ತದೆ, ತೂಕ ಎರಡು ಪಟ್ಟು. 100 ಕೆಜಿ ಅನಿಲ.

ಲೆಕ್ಕದ_ಮೇಷ್ಟ್ರು
ಒಪ್ಪಿದೆ, 100 ಕೆಜಿ. ನಾನು ಹೇಳಿದ್ದಕ್ಕಿಂತ ಎರಡು ಪಟ್ಟು ಕೆಟ್ಟದು. ಉಪ್ಪುನೀರು ಸರ್ ಖುಷಿನಾ?

ಉಪ್ಪುನೀರು
ಹಳೆ ಮಿತಿಯಲ್ಲಿ ಇದೇ ಲೆಕ್ಕ 700 ಕೆಜಿ ಆಗುತ್ತಿತ್ತು. ಆ 600 ಕೆಜಿ ಹೋದದ್ದನ್ನು ಯಾಕೆ ಹೇಳುವುದಿಲ್ಲ? ಮತ್ತೆ ಬಾಲ್ಟಿಕ್, ಉತ್ತರ ಸಮುದ್ರ, ಉತ್ತರ ಅಮೆರಿಕದ ಕರಾವಳಿ, ಅಲ್ಲೆಲ್ಲ 2015ರಿಂದ ಮಿತಿ ಶೇ. 0.1. ಮೆಡಿಟರೇನಿಯನ್ನಿಗೂ 2025ರ ಮೇ 1ರಿಂದ ಅದೇ. ಯುರೋಪಿನ ಬಂದರುಗಳಲ್ಲಿ ಕಟ್ಟಿ ನಿಂತ ಹಡಗಿಗೆ 2010ರಿಂದಲೇ ಶೇ. 0.1. ಕೆಲಸ ಆಗುತ್ತಿದೆ ಸ್ವಾಮಿ.

ಪ್ರಯೋಗಶಾಲೆ
ಗಂಧಕದ ವಿಷಯದಲ್ಲಿ ಉಪ್ಪುನೀರು ಹೇಳುವುದು ಸರಿ, ಒಪ್ಪಬೇಕು. ಆದರೆ ಎಲ್ಲರೂ ಮರೆಯುವುದು ನೈಟ್ರೋಜನ್ ಆಕ್ಸೈಡುಗಳನ್ನು. ಇವು ಎಣ್ಣೆಯ ಕೊಳೆಯಿಂದ ಬರುವುದಲ್ಲ. ಇಂಜಿನ್ ಒಳಗಿನ ಶಾಖಕ್ಕೆ ಗಾಳಿಯಲ್ಲಿರುವ ನೈಟ್ರೋಜನ್ನೇ ಸುಡುತ್ತದೆ. ಅದಕ್ಕೇ ಎಣ್ಣೆ ಎಷ್ಟು ಶುದ್ಧ ಮಾಡಿದರೂ ಇದು ಅಷ್ಟಾಗಿ ಇಳಿಯುವುದಿಲ್ಲ.

ಮೇಷ್ಟ್ರ ಅದೇ 48,000 ಯೂನಿಟ್ ತೆಗೆದುಕೊಳ್ಳಿ. 2000ರಿಂದ 2010ರ ನಡುವೆ ಕಟ್ಟಿದ ಹಡಗಿನ ಜನರೇಟರ್, ನಿಮಿಷಕ್ಕೆ 720 ಸುತ್ತಿನದು, ಯೂನಿಟ್‌ಗೆ ಸುಮಾರು 12 ಗ್ರಾಂ ಬಿಡಬಹುದು, ಅದು ಆಗಿನ ಮಿತಿ. ದಿನಕ್ಕೆ 570 ಕೆಜಿ ದಾಟುತ್ತದೆ. ಟಿಯರ್ 3 ಎಂಬ ಹೊಸ ನಿಯಮದಲ್ಲಿ ಇದು ಯೂನಿಟ್‌ಗೆ 2.4 ಗ್ರಾಂ. ಆದರೆ ಅದು ಅನ್ವಯವಾಗುವುದು ಹೊಸ ಹಡಗಿಗೆ, ಅದೂ ಕೆಲವೇ ವಲಯಗಳಲ್ಲಿ. ಅಮೆರಿಕದ ಕರಾವಳಿಯಲ್ಲಿ 2016ರಿಂದ ಕಟ್ಟಿದವು, ಬಾಲ್ಟಿಕ್ ಮತ್ತು ಉತ್ತರ ಸಮುದ್ರದಲ್ಲಿ 2021ರಿಂದ ಕಟ್ಟಿದವು. ಹಡಗು ಇಪ್ಪತ್ತೈದು ವರ್ಷ ಬಾಳುತ್ತದೆ. ನಿಮ್ಮ ಎದುರಿಗೆ ನಿಂತಿರುವುದು ಯಾವ ಕಾಲದ್ದೋ ಯಾರಿಗೆ ಗೊತ್ತು.

ಬಿಸಿ_ಇಂಜಿನ್
+1. ಟಿಯರ್ 3 ಹಡಗಿನಲ್ಲೂ ಒಂದು ಕಿರಿಕಿರಿ ಇದೆ. ಹೊಗೆಗೆ ಯೂರಿಯಾ ಸಿಂಪಡಿಸಿ ಶುದ್ಧ ಮಾಡುವ ಯಂತ್ರಕ್ಕೆ ಹೊಗೆ ಚೆನ್ನಾಗಿ ಬಿಸಿ ಇರಬೇಕು. ಬಂದರಿನ ಹತ್ತಿರ ನಿಧಾನಕ್ಕೆ ಬರುವಾಗ ಹೊಗೆ ತಣ್ಣಗಿರುತ್ತದೆ, ಯಂತ್ರ ಸರಿಯಾಗಿ ಕೆಲಸ ಮಾಡುವುದಿಲ್ಲ. ಊರು ಹತ್ತಿರ ಬಂದಾಗಲೇ ಕೈಕೊಡುತ್ತದೆ ನೋಡಿ.

ಟ್ರೇಲರ್_ಅಣ್ಣ
ಎಲ್ಲ ಹಡಗು ಹಡಗು ಅಂತೀರಲ್ಲ, ಗೇಟಿನ ಹೊರಗೆ ಬಂದು ನೋಡಿ. ನಾನು ಹದಿನಾಲ್ಕು ವರ್ಷದಿಂದ ಕಂಟೇನರ್ ಎಳೆಯುತ್ತಿದ್ದೇನೆ. ಒಂದು ಬಾಕ್ಸ್ ಎತ್ತಲು ನಾಲ್ಕು ಗಂಟೆ ಸಾಲಿನಲ್ಲಿ. ಹತ್ತಡಿ ಮುಂದೆ, ನಿಲ್ಲು. ಮತ್ತೆ ಹತ್ತಡಿ. ಪ್ರತಿ ಸಲ ಆಫ್ ಮಾಡಿ ಸ್ಟಾರ್ಟ್ ಮಾಡುತ್ತಾ ಕೂತರೆ ಹಿಂದಿನವನು ಹಾರ್ನ್ ಹೊಡೆದು ಸಾಯಿಸುತ್ತಾನೆ. ಬಿಸಿಲಲ್ಲಿ ಎಸಿ ಬೇರೆ. ಹಾಗೆ ಇನ್ನೂರು ಗಾಡಿ. ಆ ಹೊಗೆ ಇಪ್ಪತ್ತು ಮೀಟರ್ ಎತ್ತರದ ಚಿಮಣಿಯಿಂದ ಬರುವುದಲ್ಲ, ನೇರ ಮೂಗಿನ ಎತ್ತರಕ್ಕೇ ಬರುತ್ತದೆ. ಮೊದಲು ತಿನ್ನುವವರು ನಾವೇ.

ಟೈಮ್ ಸ್ಲಾಟ್ ಕೊಟ್ಟು ಕರೆಯಿರಿ, ಅರ್ಧ ಹೊಗೆ ನಿಲ್ಲುತ್ತದೆ. ಇದಕ್ಕೆ ರಾಕೆಟ್ ವಿಜ್ಞಾನಿ ಬೇಡ.

ಲೆಕ್ಕದ_ಮೇಷ್ಟ್ರು
ಅಣ್ಣ ಹೇಳಿದ್ದು ನೂರಕ್ಕೆ ನೂರು. ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳು 2006ರಲ್ಲಿ ಒಟ್ಟಿಗೆ ಗಾಳಿ ಶುದ್ಧಿ ಯೋಜನೆ ಮಾಡಿದಾಗ ಹಡಗಿನಷ್ಟೇ ಲಾರಿಗಳ ಮೇಲೂ ಕಣ್ಣಿಟ್ಟವು. 2008ರ ಅಕ್ಟೋಬರ್‌ನಲ್ಲಿ 1989ಕ್ಕಿಂತ ಹಳೆಯ ಲಾರಿ ಗೇಟಿನ ಒಳಗೆ ಬರಬಾರದು ಎಂದರು. 2012ರ ಹೊತ್ತಿಗೆ 2007ರ ಮಾನದಂಡಕ್ಕೆ ಹೊಂದದ ಲಾರಿಗೆ ಪ್ರವೇಶವೇ ಇಲ್ಲ.

ಟ್ರೇಲರ್_ಅಣ್ಣ
ಆ ಹೊಸ ಲಾರಿಯ ಸಾಲ ಕಟ್ಟಿದ್ದು ಯಾರು ಅಂತಲೂ ಹೇಳಿ ಮೇಷ್ಟ್ರೇ. ಅಲ್ಲಿ ಸ್ವಂತ ಗಾಡಿ ಓಡಿಸುವವರೇ ಜಾಸ್ತಿ. ಎಷ್ಟೋ ಡ್ರೈವರ್‌ಗಳ ಕುತ್ತಿಗೆಗೆ ಆ ಸಾಲ ಬಿತ್ತು. ಗಾಳಿ ಎಲ್ಲರಿಗೂ, ಕಂತು ಮಾತ್ರ ಡ್ರೈವರ್‌ಗೆ.

ಲೆಕ್ಕದ_ಮೇಷ್ಟ್ರು
ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಹಸಿರು_ಸ್ಟೆತಸ್ಕೋಪ್
ನಾನು ಶ್ವಾಸಕೋಶದ ವಾರ್ಡಿನಲ್ಲಿ ನರ್ಸ್. ಯಾವ ರೋಗಿಯನ್ನೂ ತೋರಿಸಿ ಇವರಿಗೆ ಹಡಗಿನ ಹೊಗೆಯಿಂದಲೇ ಆಯ್ತು ಎಂದು ಹೇಳಲು ಆಗುವುದಿಲ್ಲ. ಹಾಗೆ ಹೇಳುವವರನ್ನು ನಂಬಬೇಡಿ. ಆದರೆ 2007ರಲ್ಲಿ ಬಂದ ಒಂದು ಪ್ರಸಿದ್ಧ ಅಧ್ಯಯನ ಇದೆ. ಹಡಗುಗಳ ಸೂಕ್ಷ್ಮ ಕಣಗಳಿಂದ ಹೃದಯ ಮತ್ತು ಶ್ವಾಸಕೋಶದ ತೊಂದರೆಯಾಗಿ ವರ್ಷಕ್ಕೆ ಸುಮಾರು 60,000 ಜನ ಸಾಯುತ್ತಿದ್ದಾರೆ, ಹೆಚ್ಚಿನವರು ಕರಾವಳಿಯವರು ಎಂದು ಅದರ ಅಂದಾಜು. ಹಡಗಿನ ಹೊಗೆಯ ಶೇ. 70ರಷ್ಟು ಭಾಗ ದಡದಿಂದ 400 ಕಿಲೋಮೀಟರ್ ಒಳಗೇ ಬರುತ್ತದೆ ಎಂಬುದೂ ಗೊತ್ತಿರುವ ಸಂಗತಿ. ನಡು ಸಮುದ್ರದಲ್ಲಿ ಬಿಡುತ್ತಾರೆ, ನಮಗೇನು ಎನ್ನುವವರಿಗೆ ಇದನ್ನು ಹೇಳಿ.

ಮೇಡಂ, ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇದ್ದರೆ ಒಣ ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲೇ ಒರೆಸಿ.

ಗಾಳಿಪಟ
ಒಂದು ಸಣ್ಣ ಕೆಲಸ ಮಾಡಿ ಮೇಡಂ. ಎರಡು ವಾರ ಒಂದು ಪುಸ್ತಕದಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ದಿನಕ್ಕೆ ಮೂರು ಸಲ ಬರೆಯಿರಿ, ಪಕ್ಕದಲ್ಲಿ ಕಿಟಕಿ ಕಟ್ಟೆ ಹೇಗಿತ್ತು ಎಂದು. ಹಗಲು ನೆಲ ಬೇಗ ಕಾಯುತ್ತದೆ, ಗಾಳಿ ಸಮುದ್ರದಿಂದ ಊರಿಗೆ ಬರುತ್ತದೆ. ರಾತ್ರಿ ತಿರುಗುತ್ತದೆ. ಮಸಿಯೂ ಹಾಗೇ ಬಂದು ಹೋಗುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಮಸಿಯನ್ನು ಲ್ಯಾಬಿಗೆ ಕೊಟ್ಟರೆ ವನೇಡಿಯಮ್ ಮತ್ತು ನಿಕ್ಕಲ್ ಇದೆಯಾ ಎಂದು ಕೇಳಿ. ಹಡಗಿನ ಭಾರಿ ಎಣ್ಣೆಯ ಬೆರಳಚ್ಚು ಅದು. ಲಾರಿ ಡೀಸೆಲ್‌ನಲ್ಲಿ ಇರುವುದಿಲ್ಲ.

ಅಗ್ಗದ ಸೆನ್ಸರ್ ಕೊಳ್ಳುವುದಾದರೆ ಒಂದು ಮಾತು. ಅದು ಎಣಿಸುವುದು ಕಣಗಳನ್ನು ಮಾತ್ರ. ಪ್ರಯೋಗಶಾಲೆಯವರು ಹೇಳಿದ ಅನಿಲ ಅದಕ್ಕೆ ಕಾಣುವುದೇ ಇಲ್ಲ. ಸೆನ್ಸರ್ ಹಸಿರು ತೋರಿಸಿತು ಎಂದು ನೆಮ್ಮದಿಯಾಗಿ ಕೂರಬೇಡಿ.

ಸುಮ್ನೆ_ಓದೋನು
ಕಲ್ಲಿದ್ದಲಿನಿಂದ ಮಾಡಿದ ಕರೆಂಟನ್ನೇ ಹಡಗಿಗೆ ಕೊಟ್ಟರೆ ಏನು ಬಂತು ಭಾಗ್ಯ? ಹೊಗೆ ಇಲ್ಲಿಂದ ಅಲ್ಲಿಗೆ ಹೋಯಿತು ಅಷ್ಟೇ.

ಪ್ರಯೋಗಶಾಲೆ
ಇಂಗಾಲದ ಲೆಕ್ಕದಲ್ಲಿ ನಿಮ್ಮ ಪ್ರಶ್ನೆ ಸರಿ. ಆದರೆ ಉಸಿರಿನ ಲೆಕ್ಕ ಬೇರೆ. ವಿದ್ಯುತ್ ಸ್ಥಾವರದ ಚಿಮಣಿ ಎತ್ತರ, ಬೂದಿ ಹಿಡಿಯುವ ಯಂತ್ರ ಇರುತ್ತದೆ, ಸಾಮಾನ್ಯವಾಗಿ ಊರಿಂದ ದೂರ. ಹಡಗಿನ ಜನರೇಟರ್ ಊರ ಮುಂದೆ ನಿಂತು ಫಿಲ್ಟರ್ ಇಲ್ಲದೆ ಬಿಡುತ್ತದೆ. ಎರಡೂ ಒಂದೇ ಅಲ್ಲ. ಆ ಸ್ಥಾವರದ ಪಕ್ಕದ ಹಳ್ಳಿಯವರು ಇದಕ್ಕೆ ಏನು ಹೇಳುತ್ತಾರೋ ಅದು ಬೇರೆ ಚರ್ಚೆ.

ಉಪ್ಪುನೀರು
ಸ್ಕ್ರಬ್ಬರ್ ಬಗ್ಗೆ ಯಾರೂ ಮಾತಾಡಲಿಲ್ಲ. ಚಿಮಣಿಯಲ್ಲೇ ನೀರು ಸಿಂಪಡಿಸಿ ಗಂಧಕ ತೊಳೆದುಬಿಡುತ್ತಾರೆ. ಎಣ್ಣೆ ಬದಲಿಸುವ ತಲೆನೋವೇ ಇಲ್ಲ.

ಬಿಸಿ_ಇಂಜಿನ್
ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಸರ್? ನಾನು ಓಡಿಸಿದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ. ಓಪನ್ ಲೂಪ್ ಆದರೆ ಸಮುದ್ರದ ನೀರನ್ನೇ ಎತ್ತಿ, ಹೊಗೆ ತೊಳೆದು, ಆ ಹುಳಿ ನೀರನ್ನು ಮತ್ತೆ ಸಮುದ್ರಕ್ಕೇ ಬಿಡುತ್ತೇವೆ. ಗಾಳಿಯ ಕೊಳೆ ನೀರಿಗೆ ಹೋಯಿತು. ಸಿಂಗಪುರ 2020ರ ಜನವರಿ 1ರಿಂದ ತನ್ನ ಬಂದರಿನ ನೀರಿನಲ್ಲಿ ಇದನ್ನು ಬಿಡಬಾರದು ಎಂದಿತು. ಡೆನ್ಮಾರ್ಕ್ 2025ರ ಜುಲೈನಿಂದ ನಿಲ್ಲಿಸಿದೆ. ಸುಮ್ನೆ ನಿಲ್ಲಿಸಿರುತ್ತಾರಾ?

ಉಪ್ಪುನೀರು
ಅದೇ ನೀರನ್ನು ಸುತ್ತಿಸಿ ಮತ್ತೆ ಮತ್ತೆ ಬಳಸುವ ಕ್ಲೋಸ್ಡ್ ಲೂಪ್ ಕೂಡ ಇದೆ.

ಬಿಸಿ_ಇಂಜಿನ್
ಇದೆ. ಅದರ ಕೆಸರನ್ನು ದಡದಲ್ಲಿ ಇಳಿಸಿಕೊಳ್ಳುವ ಬಂದರು ಹುಡುಕಿಕೊಡಿ, ಮಾತಾಡೋಣ.

ಅಡ್ಡಮಾತು
ಒಂದು ತಮಾಷೆ ಗೊತ್ತಾ? 2020ರಲ್ಲಿ ಗಂಧಕ ಇಳಿಸಿದ ಮೇಲೆ ಹಡಗು ದಾರಿಯ ಮೇಲೆ ಕಾಣುತ್ತಿದ್ದ ಬಿಳಿ ಮೋಡದ ಗೆರೆಗಳು ಕಡಿಮೆಯಾದವು. ಆ ಮೋಡ ಬಿಸಿಲನ್ನು ವಾಪಸ್ ಕಳಿಸುತ್ತಿತ್ತು. ಈಗ ಸಮುದ್ರ ಸ್ವಲ್ಪ ಜಾಸ್ತಿ ಕಾಯುತ್ತಿದೆ ಎನ್ನುತ್ತಾರೆ ವಿಜ್ಞಾನಿಗಳು, ಎಷ್ಟು ಜಾಸ್ತಿ ಎಂಬುದರ ಮೇಲೆ ಜಗಳವಾಡುತ್ತಿದ್ದಾರೆ. ಕೊಳೆ ತೆಗೆದರೆ ಬಿಸಿ, ಬಿಟ್ಟರೆ ಕೆಮ್ಮು.

ಹಸಿರು_ಸ್ಟೆತಸ್ಕೋಪ್
ಹಾಗಂತ ಜನರ ಶ್ವಾಸಕೋಶವನ್ನು ಛತ್ರಿ ಮಾಡಿಕೊಳ್ಳಬೇಕಾ?

ಅಡ್ಡಮಾತು
ನಾನು ಹಾಗೆ ಹೇಳಲೇ ಇಲ್ಲ ಮಾರಾಯ್ರೆ.

ನಿರ್ವಾಹಕ
ಮೋಡದ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಬಂದರಿನ ಹೊಗೆ ಮಾತ್ರ.

ಬಿಸಿ_ಇಂಜಿನ್
ಶುದ್ಧ ಎಣ್ಣೆಗೆ ಬದಲಿಸುವುದು ಎಂದರೆ ನಲ್ಲಿ ತಿರುಗಿಸಿದ ಹಾಗೆ ಎಂದುಕೊಂಡವರಿಗೆ ಒಂದು ಕಥೆ. ಭಾರಿ ಎಣ್ಣೆ ತಣ್ಣಗಿದ್ದಾಗ ಡಾಂಬರಿನ ಹಾಗೆ. ಇಂಜಿನ್ನಿಗೆ ಹೋಗುವ ಮುಂಚೆ 130, 140 ಡಿಗ್ರಿಗೆ ಕಾಯಿಸಬೇಕು. ಗ್ಯಾಸ್ ಆಯಿಲ್ ಎಂಬ ತೆಳು ಎಣ್ಣೆಗೆ ಕಾಯಿಸುವುದೇ ಬೇಡ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಿಮಿಷಕ್ಕೆ ಎರಡು ಡಿಗ್ರಿಗಿಂತ ಬೇಗ ಇಳಿಸಬಾರದು. ಒಮ್ಮೆ ಹೊಸ ಹುಡುಗನೊಬ್ಬ ಕಡಿಮೆ ಗಂಧಕದ ವಲಯದ ಗಡಿ ಬಂತು ಎಂದು ಗಾಬರಿಯಲ್ಲಿ ವಾಲ್ವ್ ಪೂರ್ತಿ ತಿರುಗಿಸಿಬಿಟ್ಟ. ಫ್ಯೂಯಲ್ ಪಂಪಿನ ಪ್ಲಂಜರ್ ಕಚ್ಚಿಕೊಂಡಿತು. ಟಕ್ ಟಕ್ ಅಂತ ಒಂದು ಸದ್ದು, ಆಮೇಲೆ ಇಂಜಿನ್ ನಿಂತಿತು. ಸುತ್ತ ಹಡಗುಗಳ ಸಂತೆ. ಆ ಇಪ್ಪತ್ತು ನಿಮಿಷ ಮಾತ್ರ ಬೇಡ. ಅಂದಿನಿಂದ ನಾನು ಗಂಟೆಗಟ್ಟಲೆ ಮುಂಚೆಯೇ ಶುರು ಮಾಡಿಸುತ್ತಿದ್ದೆ.

ಕಳ್ಳಾಟ ಆಡುವವರೂ ಇದ್ದಾರೆ. ಲಾಗ್‌ಬುಕ್ಕಿನಲ್ಲಿ ಬದಲಿಸಿದೆ ಎಂದು ಬರೆದು ಸುಮ್ಮನಿರುವುದು. ಡೆನ್ಮಾರ್ಕಿನ ಗ್ರೇಟ್ ಬೆಲ್ಟ್ ಸೇತುವೆಯ ಮೇಲೆ ಮೂಗಿನ ಹಾಗೆ ಮೂಸುವ ಯಂತ್ರ ಇಟ್ಟಿದ್ದಾರೆ. ಕೆಳಗೆ ಹೋಗುವ ಹಡಗಿನ ಹೊಗೆ ಮೂಸಿ ಗಂಧಕ ಎಷ್ಟಿದೆ ಎಂದು ಹೇಳುತ್ತದೆ. ಅನುಮಾನ ಬಂದವನನ್ನು ಮುಂದಿನ ಬಂದರಿನಲ್ಲಿ ಹಿಡಿಯಬಹುದು.

ಕಡಲಕಾಗೆ
ತಡವಾಗಿ ಬಂದೆ. ಎಲ್ಲಕ್ಕಿಂತ ಅಗ್ಗದ ಉಪಾಯ ಯಾರೂ ಹೇಳಿಲ್ಲ, ನಿಧಾನಕ್ಕೆ ಬನ್ನಿ. ಹಡಗಿನ ವೇಗ ಶೇ. 10 ಇಳಿಸಿದರೆ ಇಂಜಿನ್ನಿಗೆ ಬೇಕಾಗುವ ಶಕ್ತಿ ಸುಮಾರು ಶೇ. 27 ಇಳಿಯುತ್ತದೆ. ಲಾಂಗ್ ಬೀಚ್, ಲಾಸ್ ಏಂಜಲೀಸ್‌ನಲ್ಲಿ ದಡದ ಹತ್ತಿರ 12 ನಾಟ್, ಅಂದರೆ ಗಂಟೆಗೆ ಸುಮಾರು 22 ಕಿಲೋಮೀಟರ್ ವೇಗದ ಒಳಗೆ ಬಂದವರಿಗೆ ಶುಲ್ಕದಲ್ಲಿ ರಿಯಾಯಿತಿ ಇದೆ.

ಈಗ ಏನಾಗುತ್ತದೆ ಎಂದರೆ ಹಡಗು ಓಡೋಡಿ ಬರುತ್ತದೆ, ಧಕ್ಕೆ ಖಾಲಿ ಇಲ್ಲ ಎಂದು ಲಂಗರು ಹಾಕಿ ದಿನಗಟ್ಟಲೆ ಕೂರುತ್ತದೆ. ಕೋವಿಡ್ ಸಮಯದಲ್ಲಿ ಆ ಎರಡು ಬಂದರಿನ ಹೊರಗೆ ನೂರಕ್ಕೂ ಹೆಚ್ಚು ಹಡಗು ನಿಂತಿದ್ದು ನೆನಪಿದೆಯಾ? ಮೊದಲು ಬಂದು ನಿಂತವನಿಗೆ ಮೊದಲ ಸರದಿ ಎಂಬ ನಿಯಮ ಇದ್ದರೆ ಎಲ್ಲರೂ ಓಡುತ್ತಾರೆ. 2021ರ ನವೆಂಬರ್‌ನಲ್ಲಿ ಅದನ್ನು ಬದಲಿಸಿದರು. ಸರದಿಯನ್ನು ಹೊರಟಾಗಲೇ ಲೆಕ್ಕ ಹಾಕಿ, ದೂರದಲ್ಲೇ ನಿಧಾನಕ್ಕೆ ಬನ್ನಿ ಎಂದರು.

ಸುಮ್ನೆ_ಓದೋನು
ಹಡಗಿನವರೂ ನಮ್ಮ ಟ್ರೇಲರ್ ಅಣ್ಣನ ಸಾಲಿನ ಹಾಗೇ ಅನ್ನಿ.

ಟ್ರೇಲರ್_ಅಣ್ಣ
ಅವರಿಗೆ ಕ್ಯಾಬಿನ್ನಿನಲ್ಲಿ ಮಂಚ ಇದೆ ತಮ್ಮಾ.

ಹಸಿರು_ಸ್ಟೆತಸ್ಕೋಪ್
ಎಲ್ಎನ್‌ಜಿ, ಅಂದರೆ ದ್ರವ ರೂಪದ ನೈಸರ್ಗಿಕ ಅನಿಲದಲ್ಲಿ ಓಡುವ ಹಡಗು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಓದಿದ್ದೆ?

ಪ್ರಯೋಗಶಾಲೆ
ಮಸಿ, ಗಂಧಕ ಬಹುತೇಕ ಹೋಗುತ್ತದೆ. ಊರಿನವರ ಮೂಗಿಗೆ ಒಳ್ಳೆಯದೇ. ಆದರೆ ಇಂಜಿನ್ನಿನಲ್ಲಿ ಸುಡದೆ ತಪ್ಪಿಸಿಕೊಳ್ಳುವ ಮೀಥೇನ್ ಹವಾಮಾನಕ್ಕೆ ಕೆಟ್ಟದ್ದು. 20 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ. ಸಣ್ಣ ದೂರಕ್ಕೆ ಬ್ಯಾಟರಿಯೇ ಸರಿ. ನಾರ್ವೆಯಲ್ಲಿ ಆಂಪಿಯರ್ ಎಂಬ ಕಾರು ದಾಟಿಸುವ ದೋಣಿ 2015ರಿಂದ ಬ್ಯಾಟರಿಯಲ್ಲೇ ಓಡುತ್ತಿದೆ. ಹಡಗು ಎಳೆಯುವ ಟಗ್, ದಾರಿ ತೋರಿಸುವವರನ್ನು ಒಯ್ಯುವ ಪೈಲಟ್ ದೋಣಿ ಎಲ್ಲ ದಿನವಿಡೀ ಬಂದರಿನ ಒಳಗೇ ಸುತ್ತುವಂಥವು, ಅಲ್ಲಿಂದ ಶುರು ಮಾಡಬಹುದು.

ನಾಲ್ಕನೇ_ಮಹಡಿ
ಎಲ್ಲರಿಗೂ ಧನ್ಯವಾದ. ಮೂರು ವಾರ ಆಯ್ತು, ಸುದ್ದಿ ಹೇಳುತ್ತೇನೆ. ಗಾಳಿಪಟ ಹೇಳಿದ ಹಾಗೆ ಪುಸ್ತಕ ಇಟ್ಟೆ. ಮಧ್ಯಾಹ್ನದ ಗಾಳಿಗೂ ಮಸಿಗೂ ಚೆನ್ನಾಗಿ ಹೊಂದುತ್ತದೆ. ಹಡಗಿಲ್ಲದ ನಾಲ್ಕು ದಿನ ಕಟ್ಟೆ ಕಪ್ಪಾಗಲಿಲ್ಲ ಎನ್ನಲಾರೆ, ಕಡಿಮೆ ಕಪ್ಪಾಯಿತು. ಲಾರಿಗಳದ್ದೂ ಪಾಲಿದೆ ಅಂತಾಯ್ತು, ಟ್ರೇಲರ್ ಅಣ್ಣ ಗೆದ್ದರು.

ಆಮೇಲೆ ನಿವಾಸಿಗಳ ಸಭೆ ಒಂದಿತ್ತು, ಹೋದೆ. ಶೋರ್ ಪವರ್ ಇದೆಯಾ ಎಂದು ಕೇಳಿದೆ. "ಸೌಲಭ್ಯ ಇದೆ" ಎಂದರು, ಚಂದದ ಫೋಟೋ ತೋರಿಸಿದರು, ನೀಲಿ ಪೆಟ್ಟಿಗೆ. ನನಗೆ ಖುಷಿಯಾಯಿತು. ಮನೆಗೆ ಬಂದ ಮೇಲೆ ಹೊಳೆಯಿತು, ಎಷ್ಟು ಹಡಗು ಅದಕ್ಕೆ ಸೇರಿಸಿಕೊಂಡವು ಎಂದು ನಾನು ಕೇಳಲೇ ಇಲ್ಲ.

ಬಿಸಿ_ಇಂಜಿನ್
ಅದೇ ಕೇಳಬೇಕಾದ ಪ್ರಶ್ನೆ ಮೇಡಂ! ಪೆಟ್ಟಿಗೆ ಇರುವುದು ಬೇರೆ, ಕೇಬಲ್ ಎಳೆಯುವುದು ಬೇರೆ. ಕ್ಯಾಲಿಫೋರ್ನಿಯಾ ಅದಕ್ಕೇ ಪೆಟ್ಟಿಗೆ ಎಣಿಸಲಿಲ್ಲ, ಹಡಗಿನ ಭೇಟಿ ಎಣಿಸಿತು. 2014ರಿಂದ ಒಂದು ಕಂಪನಿಯ ಅರ್ಧದಷ್ಟು ಭೇಟಿಗಳಲ್ಲಿ ಜನರೇಟರ್ ಆಫ್ ಆಗಬೇಕಿತ್ತು, 2017ರಲ್ಲಿ ಶೇ. 70, 2020ರಲ್ಲಿ ಶೇ. 80. ಯುರೋಪಿನಲ್ಲಿ 2030ರಿಂದ ಮುಖ್ಯ ಬಂದರುಗಳಲ್ಲಿ ಕಂಟೇನರ್ ಮತ್ತು ಪ್ರಯಾಣಿಕರ ಹಡಗು ಎರಡು ಗಂಟೆಗಿಂತ ಜಾಸ್ತಿ ನಿಂತರೆ ದಡದ ಕರೆಂಟ್ ತೆಗೆದುಕೊಳ್ಳಲೇಬೇಕು, ಕೆಲವು ವಿನಾಯಿತಿ ಬಿಟ್ಟರೆ.

ಮುಂದಿನ ಸಭೆಗೆ ಕಾಯಬೇಡಿ, ಬಾಲ್ಕನಿಯಿಂದಲೇ ನೋಡಬಹುದು. ದುರ್ಬೀನು ಇದೆಯಾ? ಹಡಗಿನ ಪಕ್ಕದಿಂದ ದಪ್ಪ ಕೇಬಲ್ ದಡಕ್ಕೆ ಇಳಿದಿರುತ್ತದೆ, ಹಗ್ಗಕ್ಕಿಂತ ಜೋತುಬಿದ್ದಿರುತ್ತದೆ. ಅದು ಇದ್ದೂ ಸ್ವಲ್ಪ ಹೊಗೆ ಬಂದರೆ ಬಾಯ್ಲರ್ ಇರಬಹುದು, ಅದು ಶೋರ್ ಪವರ್ ಕೊಟ್ಟರೂ ನಿಲ್ಲುವುದಿಲ್ಲ. ಕೇಬಲ್ಲೇ ಇಲ್ಲದಿದ್ದರೆ ಜನರೇಟರ್ ಓಡುತ್ತಿದೆ.

ನಾಲ್ಕನೇ_ಮಹಡಿ
ಪಕ್ಕದ ಮನೆ ಹುಡುಗನ ದುರ್ಬೀನು ತಂದೆ. ಹಗ್ಗಗಳನ್ನು ಎಣಿಸಿದೆ, ಎಲ್ಲ ಬಿಗಿಯಾಗಿವೆ. ಜೋತುಬಿದ್ದದ್ದು ಒಂದೂ ಇಲ್ಲ. ನೀಲಿ ಪೆಟ್ಟಿಗೆಯ ಮೇಲೆ ಯಾರೋ ಹೆಲ್ಮೆಟ್ ಇಟ್ಟು ಹೋಗಿದ್ದಾರೆ. ತಾರೀಕು, ಹಡಗಿನ ಹೆಸರು ಪುಸ್ತಕದಲ್ಲಿ ಬರೆದಿದ್ದೇನೆ.

ಬಿಸಿ_ಇಂಜಿನ್
ಹೊಗೆ?

ನಾಲ್ಕನೇ_ಮಹಡಿ
ಬರುತ್ತಿದೆ. ಈಗ ಗಾಳಿ ದಡದಿಂದ ಸಮುದ್ರಕ್ಕೆ ತಿರುಗಿದೆ, ಕಿಟಕಿ ತೆಗೆದಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಮುಚ್ಚಬೇಕು.